ವಂಶವೃಕ್ಷವನ್ನು ತಿದ್ದುವ ಅಧಿಕಾರ

ಕುಟುಂಬದ ವಂಶವೃಕ್ಷ ಕಾಗದದಿಂದ ಅಂತರ್ಜಾಲಕ್ಕೆ ಏರಿದ ಮೇಲೆ ಅದರೊಡನೆ ಒಂದು ವಾದವೂ ಹುಟ್ಟಿಕೊಂಡಿದೆ: ವಂಶ ಎಲ್ಲರದು, ಆದುದರಿಂದ ಅದನ್ನು ತಿದ್ದುವ ಅಧಿಕಾರವೂ ಎಲ್ಲ ಬಂಧುಗಳದು. ಕೇಳಲು ಉದಾರವಾಗಿರುವ ಈ ಮಾತು ವಿಚಾರಕ್ಕೆ ನಿಲ್ಲದು. ರಕ್ತಸಂಬಂಧ ವಂಶದಲ್ಲಿ ಸ್ಥಾನ ಕೊಡುತ್ತದೆಯೇ ಹೊರತು ವಂಶದ ದಾಖಲೆಯ ಮೇಲೆ ಪ್ರಭುತ್ವ ಕೊಡುವುದಿಲ್ಲ. ಓಲೆಗರಿಯ ಪ್ರತಿಕಾರನೂ ಕಾವ್ಯವನ್ನು ಪ್ರೀತಿಸಿದವನೇ. ಅರ್ಥವಾಗದ ಶಬ್ದದ ಜಾಗದಲ್ಲಿ ತಾನು ಬಲ್ಲ ಶಬ್ದವನ್ನಿಟ್ಟು ಆತ ಮಾಡಿದ ಉಪಕಾರದಿಂದ ಗ್ರಂಥಸಂಪಾದಕರು ಇಂದಿಗೂ ಚೇತರಿಸಿಕೊಂಡಿಲ್ಲ.

ವಂಶವೃಕ್ಷದಲ್ಲಿಯೂ ಹೆಚ್ಚಿನ ಹಾನಿ ಇಂಥ ಉಪಕಾರದಿಂದಲೇ. ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ. ಇಬ್ಬರು ತಮ್ಮಣ್ಣರನ್ನು ಕಂಡ ದೂರದ ಬಂಧು, ಒಬ್ಬನೇ ಎರಡು ಬಾರಿ ಸೇರಿದ್ದಾನೆಂದು ಬಗೆದು ಇಬ್ಬರನ್ನೂ ಒಂದುಗೂಡಿಸುತ್ತಾನೆ. ಅಲ್ಲಿಗೆ ಮಗನೇ ತನ್ನ ತಂದೆಗೆ ತಂದೆಯಾಗುತ್ತಾನೆ. ಸೋದರಮಾವನನ್ನು ವರಿಸಿದ ಅಜ್ಜಿ ಅಜ್ಜನಿಗೆ ಹೆಂಡತಿಯೂ ಹೌದು, ಅಕ್ಕನ ಮಗಳೂ ಹೌದು. ಈ ವಾಡಿಕೆಯನ್ನರಿಯದೆ ಹೊರದೇಶದಲ್ಲಿ ಬೆಳೆದ ಮೊಮ್ಮಗನಿಗೆ ಎರಡರಲ್ಲೊಂದು ಗೆರೆ ಪ್ರಮಾದವೆನಿಸುತ್ತದೆ, ಅಳಿಸಿಬಿಡುತ್ತಾನೆ. ಹಳೆಯ ಜಾತಕದ ಪ್ರಮೋದೂತ ಸಂವತ್ಸರ 1870–71ಕ್ಕೂ ಸಲ್ಲುತ್ತದೆ, 1930–31ಕ್ಕೂ ಸಲ್ಲುತ್ತದೆ. ಸಂವತ್ಸರದ ಹೆಸರನ್ನು ತೆಗೆದು ಬರಿಯ ಇಸವಿಯನ್ನು ನಮೂದಿಸಿದರೆ, ಮುಂದಿನವರಿಗೆ ಸಂದೇಹಪಡುವುದಕ್ಕೂ ಆಧಾರ ಉಳಿಯದು.

ಇವು ಅಜ್ಞಾನದ ತಪ್ಪುಗಳು. ಬೇಕೆಂದೇ ಅಳಿಸುವವರ ಕಥೆ ಬೇರೆ. ಜಾತಿಯಾಚೆ ಮದುವೆಯಾದ ಮಗಳು, ಎರಡನೆಯ ಹೆಂಡತಿ, ದತ್ತು ಬಂದ ಮಗ: ಮನೆಯ ಮಾತಿನಲ್ಲಿ ಮೊದಲೇ ಮರೆಯಾದವರನ್ನು ದಾಖಲೆಯಿಂದಲೂ ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕು.

ತಂತ್ರಾಂಶಗಳನ್ನು ರೂಪಿಸಿದವರು ಇದನ್ನು ಕಾಣದವರಲ್ಲ. ವೆಬ್‌ಟ್ರೀಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಸದಸ್ಯ ನೋಡಬಲ್ಲ. ಸಂಪಾದಕ ತಿದ್ದಬಲ್ಲ, ಆದರೆ ಸಾಮಾನ್ಯವಾಗಿ ಮೇಲ್ವಿಚಾರಕ ಒಪ್ಪುವವರೆಗೂ ಆ ತಿದ್ದುಪಡಿ ಕಾದಿರುತ್ತದೆ. ವಿಕಿಟ್ರೀಯಲ್ಲಿ 1700ಕ್ಕೆ ಹಿಂದಿನವರ ಪುಟಗಳನ್ನು ಮುಟ್ಟಲು ಪ್ರತ್ಯೇಕ ಅರ್ಹತೆ ಬೇಕು. ಫ್ಯಾಮಿಲಿಸರ್ಚ್ ಮಾತ್ರ ಮೃತರ ಪುಟಗಳನ್ನು ಬಹುಮಟ್ಟಿಗೆ ಎಲ್ಲ ಬಳಕೆದಾರರಿಗೂ ತೆರೆದಿಟ್ಟಿದೆ. ಬದಲಾವಣೆಗಳ ಚರಿತ್ರೆ ಅಲ್ಲಿ ಉಳಿಯುತ್ತದೆ, ಹಿಂದಿನ ರೂಪಕ್ಕೆ ಮರಳಬಹುದು, ಹಾಗಾಗಿ ಭಯವೇಕೆ ಎಂದು ಅದರ ಪಕ್ಷದವರು ಕೇಳುತ್ತಾರೆ. ಚರಿತ್ರೆ ಉಳಿದರೂ ಅದನ್ನು ತೆರೆದು ನೋಡುವವರು ಬೇಕಲ್ಲ! ಸತ್ಯ ಬಲ್ಲ ಎಂಬತ್ತರ ದೊಡ್ಡಮ್ಮ ಗಣಕದ ಮುಂದೆ ಕಾವಲು ಕೂರುವುದಿಲ್ಲ.

ತಿದ್ದುವ ಹಕ್ಕನ್ನು ಕಿತ್ತುಕೊಂಡರೆ ಬಂಧುಗಳು ದೂರವಾಗುತ್ತಾರೆ, ಹೊಸ ಮಾಹಿತಿ ಬರುವುದೇ ನಿಲ್ಲುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದು ಸೇರಿಸುವುದನ್ನೂ ಬದಲಿಸುವುದನ್ನೂ ಒಂದೇ ಎಂದು ತಿಳಿದುದರ ಫಲ. ಪಂಪ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ತಂದೆಯ ಕಡೆಯ ಪೀಳಿಗೆಗಳನ್ನು ಹೇಳಿಕೊಂಡಿದ್ದಾನೆ. ತಾಯಿ ಅಬ್ಬಣಬ್ಬೆಯ ಹೆಸರು ದೊರೆತದ್ದು ಆತನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದ ಬಳಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ. ತಮ್ಮ ಅಣ್ಣನ ಕಾವ್ಯವನ್ನು ತಿದ್ದಲಿಲ್ಲ. ತಾನು ಬಲ್ಲುದನ್ನು ಬೇರೆಡೆ, ತನ್ನ ಹೆಸರಿನಲ್ಲಿ ಬರೆಸಿದ. ಆದುದರಿಂದಲೇ ಇಂದು ಸಂಶೋಧಕನ ಕೈಯಲ್ಲಿ ಎರಡು ಸ್ವತಂತ್ರ ಸಾಕ್ಷ್ಯಗಳಿವೆ. ಬಂಧುಗಳಿಗೆಲ್ಲ ಸಲ್ಲಬೇಕಾದದ್ದು ಜಿನವಲ್ಲಭನ ಈ ಹಕ್ಕು: ಹೊಸ ಹೆಸರು, ಭಿನ್ನ ದಿನಾಂಕ, ಮನೆಯಲ್ಲಿ ಕೇಳಿಬಂದ ಕಥೆ ಎಲ್ಲವನ್ನೂ ಹೇಳಿದವರ ಹೆಸರಿನೊಡನೆ ಸೇರಿಸಲಿ. ಇದ್ದುದನ್ನು ಅಳಿಸುವ, ಇಬ್ಬರನ್ನು ಒಬ್ಬನಾಗಿಸುವ ಅಧಿಕಾರ ಮಾತ್ರ ಆಧಾರ ಪರಿಶೀಲಿಸಬಲ್ಲ ಕೆಲವರಲ್ಲಿರಲಿ. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವ ಸಂಪಾದಕನ ಕ್ರಮವೂ ಇದೇ.

ಆ ಕೆಲವರು ಯಾರು ಎಂಬಲ್ಲಿ ನಿಜವಾದ ಗಂಡಾಂತರವಿದೆ. ಬಹುತೇಕ ಮನೆಗಳಲ್ಲಿ ಕೀಲಿಕೈ ಸಿಗುವುದು ಹಿರಿಯ ಗಂಡಸಿಗೆ ಅಥವಾ ಗಣಕ ಬಲ್ಲ ಅವನ ಮಗನಿಗೆ. ಮನೆ ಬಿಟ್ಟುಹೋದ ಮಗಳನ್ನು ಮರೆಯಲು ಹೆಚ್ಚು ಕಾರಣಗಳಿರುವುದೂ ಅವರಿಗೇ. ಬಂಧುಗಳಿಗೆ ಹಾಕುವ ಕಟ್ಟು ಮೇಲ್ವಿಚಾರಕನಿಗಿಲ್ಲದಿದ್ದರೆ, ಹಲವರ ಅವಿವೇಕ ತಪ್ಪಿ ಒಬ್ಬನ ದಬ್ಬಾಳಿಕೆ ಉಳಿಯುತ್ತದೆ. ವೆಬ್‌ಟ್ರೀಸಿನಲ್ಲಿ ತಿದ್ದುಪಡಿಗಳು ತಾವಾಗಿಯೇ ಅಂಗೀಕಾರವಾಗುವ ಸೌಲಭ್ಯವೊಂದಿದೆ. ಅದನ್ನು ಮೇಲ್ವಿಚಾರಕರ ಖಾತೆಗಳಿಗೂ ಇಡಬಾರದು. ಮೇಲ್ವಿಚಾರಕರು ಇಬ್ಬರಿರಬೇಕು, ಒಬ್ಬರ ತಿದ್ದುಪಡಿಯನ್ನು ಮತ್ತೊಬ್ಬರೇ ಒಪ್ಪಬೇಕು, ಇಬ್ಬರಲ್ಲಿ ಒಬ್ಬರು ಮನೆಯ ಹೆಣ್ಣುಮಕ್ಕಳ ಕಡೆಯವರಾಗಿರಬೇಕು. ತಂತ್ರಾಂಶ ಇದನ್ನು ವಿಧಿಸುವುದಿಲ್ಲ. ವೃಕ್ಷವನ್ನು ತೆರೆಯುವ ಮೊದಲೇ ಮನೆಯವರು ಕುಳಿತು ನಿರ್ಧರಿಸಿಕೊಳ್ಳಬೇಕು.