ಮಚ್ಚೆ ಕೇಳಲು ಬಂದವರು



ಕುಷ್ಠರೋಗದ ಮನೆಮನೆ ತಪಾಸಣೆಯ ದಿನಗಳಲ್ಲಿ ಸೊಲ್ಲಾಪುರ, ಅಕ್ಕಲಕೋಟೆಯ ಮನೆಗಳಿಗೂ ಆಶಾ ಕಾರ್ಯಕರ್ತೆಯರು ಬರುತ್ತಾರೆ. ಮೈಮೇಲೆ ‘ಚಟ್ಟಾ’ ಇದೆಯೇ ಎಂದು ಕೇಳುತ್ತಾರೆ. ಮರಾಠಿಯಲ್ಲಿ ಅದು ಮಚ್ಚೆ. ನಮ್ಮ ಕನ್ನಡದ ಕಿವಿಗೆ ಹೆಣ ಹೊರುವ ಚಟ್ಟ!

2005ರ ಡಿಸೆಂಬರ್‌ನಲ್ಲಿ ದೇಶದ ರೋಗಿಗಳ ಪ್ರಮಾಣ 10,000 ಜನರಿಗೆ ಒಬ್ಬರಿಗಿಂತ ಕೆಳಗಿಳಿಯಿತು. ರೋಗವೇ ಹೋಯಿತೆಂದು ನಾವೆಲ್ಲ ತಿಳಿದೆವು. ಉಳಿದವರನ್ನು ಹುಡುಕುವುದೇ ಈಗಿನ ಕಷ್ಟ. ರೋಗಾಣು ಮೈಹೊಕ್ಕ ಮೇಲೆ ಲಕ್ಷಣ ಕಾಣಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷ. ಮಚ್ಚೆ ನೋಯುವುದಿಲ್ಲ, ತುರಿಸುವುದಿಲ್ಲ, ಮುಟ್ಟಿದರೂ ಅರಿವಾಗದು. ಆದ್ದರಿಂದ ಒಬ್ಬ ರೋಗಿ ಸಿಕ್ಕರೆ ಮನೆಯವರನ್ನೂ ನೆರೆಯವರನ್ನೂ ಪರೀಕ್ಷಿಸಿ, ಮುನ್ನೆಚ್ಚರಿಕೆಯಾಗಿ ರಿಫಾಂಪಿಸಿನ್ ಔಷಧವನ್ನು ಒಂದೇ ಬಾರಿ ಕೊಡುತ್ತಾರೆ.

ಆದರೆ ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಮಚ್ಚೆ ತೋರಿಸುವವರಾರು? ಸಂತ ಡೇಮಿಯನ್ನರ ಬಗ್ಗೆ ಪ್ರಬೋಧನೆ ಮಾಡುವ ನಾವೇ, ಬೆರಳು ಮೊಂಡಾದ ಕೈ ಪರಮಪ್ರಸಾದಕ್ಕೆ ಚಾಚಿದಾಗ ಒಂದು ಕ್ಷಣ ಅಳುಕಿದ್ದುಂಟು. ಆ ಕೈಯ ರೋಗ ಎಂದೋ ವಾಸಿಯಾಗಿತ್ತು. ಉಳಿದದ್ದು ಅದರ ಗುರುತು ಮಾತ್ರ. 2019ರಲ್ಲಿ ಸಂಸತ್ತು ಕ್ರೈಸ್ತರ ವಿಚ್ಛೇದನ ಕಾಯಿದೆಯಿಂದಲೂ ಕುಷ್ಠರೋಗದ ಕಾರಣವನ್ನು ತೆಗೆದುಹಾಕಿತು. ನಾವಿನ್ನೂ ತೆಗೆದಿಲ್ಲ.

ಔಷಧ 6 ಅಥವಾ 12 ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆಶಾ ಕಾರ್ಯಕರ್ತೆ ಬಂದರೆ ಬೆನ್ನನ್ನೂ ತೋರಿಸಿ; ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.