ದಾರ ಬಿಡದೆ ಹಿಂದೆ ಬಂದವಳು



ಹೋದ ತಿಂಗಳು ಒಂದು ಮಧ್ಯಾಹ್ನ ಜಯನಗರದ ನಮ್ಮ ಮನೆಗೆ ನೀವು ಬಂದಿದ್ದರೆ, ಈಕೆಗೆ ತಲೆ ಕೆಟ್ಟಿದೆ ಎಂದೇ ತಿಳಿಯುತ್ತಿದ್ದಿರಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹೂ ಕಟ್ಟುವ ದಾರ ಹಿಡಿದು, ಮೂವತ್ತು ವರ್ಷ ಬಾಳಿದ ಸ್ವಂತ ಮನೆಯಲ್ಲೇ ನಾನು ತಡವರಿಸುತ್ತಿದ್ದೆ. ಹಾಗೆ ಮಾಡಿಸಿದವಳು ನನ್ನ ಮಗಳು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನನಗೆ ಒಂಬತ್ತು ವರ್ಷವಿದ್ದಾಗ ನಮ್ಮೂರ ಕೆರೆಯಲ್ಲಿ ನನ್ನ ತಮ್ಮ ಮುಳುಗಿಹೋದ. ಅಂದಿನಿಂದ ನೀರು ಅಂದರೆ ನನಗೆ ಎದೆ ನಡುಕ. ನನ್ನ ಮಗಳಿಗೆ ಹಾಗಾಗಬಾರದೆಂದು ಅವಳಿಗೆ ಏಳು ತುಂಬಿದಾಗಲೇ ಈಜು ಕಲಿಯಲು ಸೇರಿಸಿದೆ. ಬೆಳಗಿನ ಆರು ಗಂಟೆಯ ಚಳಿಯಲ್ಲಿ ಟವೆಲು, ಬಿಸಿ ಹಾಲಿನ ಫ್ಲಾಸ್ಕು ಹಿಡಿದು ಕೊಳದ ಮೆಟ್ಟಿಲ ಮೇಲೆ ಕೂತವಳು ನಾನೇ. ಆದ್ದರಿಂದ ಈಗ ಯಾರನ್ನು ಬೈಯಲಿ, ಹೇಳಿ?

ಕಾಲೇಜು ಮುಗಿದ ಮೇಲೆ ಗೆಳತಿಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ದ್ವೀಪ ಮುಟ್ಟಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಇಳಿದು ಬಂದಳು. ಬಣ್ಣದ ಮೀನಿನ ಫೋಟೋ ನೋಡಿ ನಾನೂ ಸುಮ್ಮನಾದೆ. ಈಗ ಜರ್ಮನಿಯಲ್ಲಿ ಕೆಲಸ. ಹೋದ ವರ್ಷ ಫೋನಿನಲ್ಲಿ, "ಅಮ್ಮ, ನೀರು ತುಂಬಿದ ಗುಹೆಯೊಳಗೆ ಹೋಗೋದನ್ನ ಕಲೀತಿದ್ದೀನಿ" ಅಂದಳು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ.

ಗುಹೆಯ ನೀರು ನಾನು ಕಂಡಿಲ್ಲವೆಂದಲ್ಲ. ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋಗಿದ್ದೆವು. ಸುಮಾರು 300 ಮೀಟರ್ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ತಲೆಯ ಮೇಲೆ ಬಾವಲಿ. ಯಜಮಾನರ ಕೈ ಬಿಡದೆ, ಗೋವಿಂದಾ ಗೋವಿಂದಾ ಅನ್ನುತ್ತಾ ಹೋಗಿ ಬಂದೆ. ಆದರೆ ಅಲ್ಲಿ ದೀಪವಿತ್ತು, ಹಿಂದೆ ಮುಂದೆ ಭಕ್ತರಿದ್ದರು, ಮೂಗಿಗೆ ಗಾಳಿ ಇತ್ತು. ನನ್ನ ಮಗಳು ಹೋಗುವ ಗುಹೆಯಲ್ಲಿ ಚಾವಣಿಯವರೆಗೂ ನೀರು. ಸಮುದ್ರದಲ್ಲಿ ತೊಂದರೆಯಾದರೆ ಮೇಲಕ್ಕೆ ಬರಬಹುದು. ಇಲ್ಲಿ ಮೇಲೆ ಬಂಡೆ. ಹೋದ ದಾರಿಯಲ್ಲೇ ಹಿಂದೆ ಬರಬೇಕು, ಬೇರೆ ದಾರಿಯಿಲ್ಲ.

ಥೈಲ್ಯಾಂಡಿನ ಸಂಗತಿ ನಿಮಗೆ ನೆನಪಿರಬಹುದು. 2018ರ ಜೂನ್ 23ರಂದು ಹನ್ನೆರಡು ಹುಡುಗರು ಮತ್ತು ಅವರ ಫುಟ್‌ಬಾಲ್ ತರಬೇತುದಾರ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಬಿದ್ದರು. ಜುಲೈ 10ರ ಹೊತ್ತಿಗೆ ಎಲ್ಲರನ್ನೂ ಹೊರತಂದರು. ಆದರೆ ಜುಲೈ 6ರಂದು, ಗುಹೆಯೊಳಗೆ ಗಾಳಿಯ ಸಿಲಿಂಡರುಗಳನ್ನಿಟ್ಟು ಹಿಂದಿರುಗುತ್ತಿದ್ದ ಸಮನ್ ಕುನಾನ್ ಎಂಬ ಮಾಜಿ ನೌಕಾಪಡೆಯವರು ತೀರಿಕೊಂಡರು. ಅಂಥವರಿಗೇ ಹೀಗಾದರೆ ನನ್ನ ಮಗಳು ಯಾವ ಲೆಕ್ಕ ಎಂದು ರಾತ್ರಿಯಿಡೀ ನಿದ್ದೆಯಿಲ್ಲ.

ಕಲಿಯುವುದು ತಣ್ಣೀರಿನಲ್ಲಿ ಬೇರೆ. ಮೊದಲು ಜರ್ಮನಿಯ ಒಂದು ಸರೋವರ, ಆಮೇಲೆ ಫ್ರಾನ್ಸಿನ ಲೋತ್ ಪ್ರದೇಶ. ಅಲ್ಲಿ ಸೆಲೆ ನದಿಯ ತಳದಲ್ಲೇ ಬಾಯಿ ತೆರೆದಿರುವ ರೆಸೆಲ್ ಎಂಬ ಗುಹೆಯಿದೆ. ನೀರು 13-14 ಡಿಗ್ರಿ. ನಮ್ಮ ಮಾಗಿಯ ಮುಂಜಾವಿನಲ್ಲಿ ಗಾಳಿ ಅಷ್ಟು ತಣ್ಣಗಿದ್ದರೇ ನಾವು ಸ್ವೆಟರು ಹುಡುಕುತ್ತೇವೆ. ನೀರಂತೂ ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ಅದಕ್ಕೆ ಒಳಗೆ ಬೆಚ್ಚನೆಯ ಉಡುಪು, ಮೇಲೆ ನೀರು ನುಗ್ಗದ ಸೂಟು, ಕೈಗೆ ದಪ್ಪ ಗ್ಲೌಸು. ತಣ್ಣೀರಿಗೆ ಇಳಿದ ಕೂಡಲೇ ಉಸಿರು ತಾನಾಗಿ ಏದುತ್ತದೆ, ಹೊಸಬರು ಗಾಳಿಯನ್ನು ಬೇಗ ಖರ್ಚು ಮಾಡಿಬಿಡುತ್ತಾರೆ. ಬೆರಳು ಮರಗಟ್ಟಿದರೆ ಒಂದು ಗಂಟು ಹಾಕುವುದೂ ಕಷ್ಟ.

ಮೂರನೆಯ ದಿನ ಅವಳಿಗೆ ಹಾಗೇ ಆಯಿತು. ಒಂದು ಗ್ಲೌಸಿನೊಳಗೆ ನೀರು ಸೇರಿ ಬೆರಳು ಸ್ವಾಧೀನ ತಪ್ಪಿತು. ದಾರವನ್ನು ಬಂಡೆಗೆ ಸುತ್ತಲು ಆಗಲಿಲ್ಲ. ಹೆಬ್ಬೆರಳು ಮೇಲೆತ್ತಿ ಸನ್ನೆ ಮಾಡಿದಳಂತೆ. ನಮ್ಮಲ್ಲಿ ಅದು ಶಭಾಷ್, ಅವರಲ್ಲಿ "ಸಾಕು, ಹಿಂದೆ ಹೋಗೋಣ". ಗುರುಗಳೂ ಜೊತೆಯವರೂ ತಕ್ಷಣ ತಿರುಗಿದರು. ದಡಕ್ಕೆ ಬಂದು ನನಗೆ ಫೋನ್ ಮಾಡಿ ಅತ್ತಳು. "ನನ್ನಿಂದ ಎಲ್ಲರ ದಿನ ಹಾಳಾಯ್ತಮ್ಮ" ಅಂದಳು. ನಾನೋ, "ದೇವರು ದೊಡ್ಡವನು, ಇನ್ನು ಬಿಟ್ಟುಬಿಡು" ಅಂದೆ. ಒಂದು ವಾರ ಅವಳ ಫೋನೇ ಇಲ್ಲ.

ರಜೆಗೆಂದು ಊರಿಗೆ ಬಂದಾಗ ವಾದ ಮಾಡಲಿಲ್ಲ. ದಾರದ ಉಂಡೆ ತೆಗೆದು, ಅಡುಗೆಮನೆಯ ನಲ್ಲಿಗೆ ಕಟ್ಟಿ, ಊಟದ ಮೇಜಿನ ಕಾಲು ಸುತ್ತಿ, ದೇವರಮನೆ ಬಾಗಿಲು ದಾಟಿಸಿ, ಹಿತ್ತಲ ತುಳಸಿಕಟ್ಟೆಯವರೆಗೆ ಒಯ್ದಳು. ನಡುನಡುವೆ ಬಟ್ಟೆ ಒಣಹಾಕುವ ಕ್ಲಿಪ್ಪು. ಕ್ಲಿಪ್ಪಿನ ಬಾಲ ಯಾವ ಕಡೆಗೋ ಆ ಕಡೆ ಅಡುಗೆಮನೆ, ಅಂದರೆ ಹೊರಬರುವ ದಾರಿ. ಗುಹೆಯಲ್ಲಿ ಇದಕ್ಕೆ ಪ್ಲಾಸ್ಟಿಕ್ಕಿನ ಬಾಣಗಳಿರುತ್ತವಂತೆ. ಕಾಲು ತಗುಲಿ ತಳದ ಕೆಸರು ಕದಡಿದರೆ ದೀಪವಿದ್ದೂ ಕಾಣದು, ಬಾಣವನ್ನು ಕೈಯಲ್ಲಿ ಮುಟ್ಟಿಯೇ ತಿಳಿಯಬೇಕು. ಹೊಸಬರಿಗೆ ಈ ಪಾಠ ಮೊದಲು ನೆಲದ ಮೇಲೆ, ಮರಗಳಿಗೆ ದಾರ ಸುತ್ತಿ, ಕಣ್ಣು ಮುಚ್ಚಿಸಿ ಆಗುತ್ತದೆ.

ನನ್ನನ್ನು ತುಳಸಿಕಟ್ಟೆಯ ಹತ್ತಿರ ನಿಲ್ಲಿಸಿ, ಕಣ್ಣು ಕಟ್ಟಿ, ಎರಡು ಸುತ್ತು ತಿರುಗಿಸಿ ಬಿಟ್ಟಳು. ಕ್ಲಿಪ್ಪು ಮುಟ್ಟಿ ದಾರಿ ಹಿಡಿದೆ. ದೇವರಮನೆ ದಾಟಿದ ಮೇಲೆ, ಇದು ನನ್ನ ಮನೆಯಲ್ಲವೇ ಎಂದು ದಾರ ಬಿಟ್ಟು ಗೋಡೆಗೆ ಕೈ ಚಾಚಿದೆ. ಗೋಡೆ ಸಿಗಲಿಲ್ಲ. ದಾರವೂ ಸಿಗಲಿಲ್ಲ. ನಂಬುತ್ತೀರೋ ಇಲ್ಲವೋ, ನನ್ನ ಮನೆಯಲ್ಲೇ ನನ್ನ ಎದೆ ಡವಗುಟ್ಟಿತು.

"ನೋಡಿದ್ಯಾ ಅಮ್ಮ, ಗೊತ್ತಿರೋ ಜಾಗ ಅಂತ ದಾರ ಬಿಟ್ಟೆ. ಗುಹೇಲಿ ಜನ ಸಾಯೋದು ಹೀಗೇನೇ" ಅಂದಳು.

ಆಮೇಲೆ ಕಾಫಿ ಕುಡಿಯುತ್ತಾ ಐದು ನಿಯಮ ಹೇಳಿದಳು. ತರಬೇತಿಯಿಲ್ಲದೆ ಗುಹೆಗೆ ಇಳಿಯಬಾರದು. ಹೊರಗಿನಿಂದಲೇ ಶುರುವಾದ ದಾರ ಎಲ್ಲೂ ತುಂಡಾಗಿರಬಾರದು. ಹೇಳಿದ ಆಳ ಮೀರಬಾರದು. ಒಬ್ಬೊಬ್ಬರ ಬಳಿಯೂ ಮೂರು ದೀಪ ಇರಬೇಕು. ಗಾಳಿಯಲ್ಲಿ ಮೂರು ಪಾಲು: ಒಂದು ಹೋಗಲು, ಒಂದು ಬರಲು, ಒಂದು ಆಪತ್ತಿಗೆ. ಮೀಟರಿನಲ್ಲಿ 210 ಇದ್ದರೆ 140 ಆದ ಕೂಡಲೇ ತಿರುಗಬೇಕು. ಹೊಸಬರು ಅದಕ್ಕೂ ಮೊದಲೇ. ಇದರ ಜೊತೆಗೆ ಇನ್ನೊಂದು ಮಾತಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ ಸಾಕು ಅನ್ನಬಹುದು. ಯಾಕೆ ಎಂದು ಯಾರೂ ಕೇಳುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಅವಳು ಅತ್ತ ದಿನ ಗುರುಗಳು, "ಇವತ್ತು ನೀನು ಮಾಡಿದ ಒಳ್ಳೆಯ ಕೆಲಸ ಅದೇ" ಅಂದರಂತೆ.

ಹೆಂಗಸರಿಗೆ ಇದೆಲ್ಲ ಯಾಕೆ ಅನ್ನುವವರಿಗೆ ಒಂದು ಮಾತು. ಇಂಗ್ಲೆಂಡಿನ ವೂಕಿ ಹೋಲ್ ಗುಹೆಯಲ್ಲಿ 1935ರಲ್ಲಿ ಮೊದಮೊದಲು ಹೀಗೆ ಇಳಿದವರಲ್ಲಿ ಪೆನೆಲೊಪಿ ಪೊವೆಲ್ ಎಂಬ ಹೆಂಗಸೂ ಒಬ್ಬರು.

ಗೆಳತಿಯರೇ, ನನಗೆ ನಾಟಿದ್ದು ಆ ಹೆಬ್ಬೆರಳ ಸನ್ನೆ. ನಮ್ಮಲ್ಲಿ ಎಷ್ಟು ಜನರಿಗೆ ಕಾರಣ ಕೊಡದೆ ಸಾಕು ಅನ್ನುವ ಹಕ್ಕಿದೆ? ಇರುವ ಶಕ್ತಿಯನ್ನೆಲ್ಲ ಹೋಗುವುದಕ್ಕೇ ಸುರಿದು, ಬರುವುದಕ್ಕೆ ಏನೂ ಉಳಿಸಿಕೊಳ್ಳದವರೇ ಹೆಚ್ಚು. ನನ್ನ ಮಗಳು ಮುಂದೆ ಹೋದದ್ದಕ್ಕಿಂತ ಹಿಂದೆ ಬಂದದ್ದಕ್ಕೆ ನನಗೀಗ ಹೆಮ್ಮೆ. ಅಂದು ಫೋನಿನಲ್ಲಿ ಇದನ್ನೇ ಹೇಳಬೇಕಿತ್ತು. ತಡವಾಗಿ ಹೇಳಿದೆ. ಅವಳು ಮಾತಾಡದೆ ನನ್ನ ತೊಡೆಯ ಮೇಲೆ ತಲೆಯಿಟ್ಟಳು.

ಬರುವ ಬೇಸಿಗೆಯಲ್ಲಿ ಮತ್ತೆ ಹೋಗುತ್ತಾಳೆ. ನನ್ನ ಹೆದರಿಕೆ ಹೋಯಿತೆಂದು ಸುಳ್ಳು ಹೇಳಲಾರೆ. ಇಳಿಯುವ ಮುಂಚೆ ಒಂದು, ಹತ್ತಿದ ಮೇಲೆ ಒಂದು ಫೋನು, ಇಷ್ಟೇ ನಮ್ಮ ಒಪ್ಪಂದ.

ಕೆರೆ, ಬಾವಿ, ನಾಲೆ ಹತ್ತಿರವಿರುವ ಮನೆಯವರು ಇಷ್ಟು ನೆನಪಿಡಿ. ಮಕ್ಕಳಿಗೆ ಈಜು ಕಲಿಸಿ, ಆದರೆ ಒಬ್ಬೊಬ್ಬರನ್ನೇ ನೀರಿಗೆ ಕಳಿಸಬೇಡಿ. ತಣ್ಣೀರಿಗೆ ಧುಮುಕದೆ ನಿಧಾನವಾಗಿ ಇಳಿದು, ಉಸಿರು ಹದಕ್ಕೆ ಬರುವವರೆಗೆ ದಡ ಹಿಡಿದಿರಲಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಕೂಗಿ ಜನ ಸೇರಿಸಿ, ಸೀರೆಯನ್ನೋ ಹಗ್ಗವನ್ನೋ ಎಸೆಯಿರಿ. ಬಾಯಿ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನೂ ತೇಲುತ್ತದೆ. ನಮ್ಮ ಕಾಲದಲ್ಲಿ ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ.

ಚಳಿಯಲ್ಲಿ ಈಜಿ ಬಂದವರಿಗೆ ಮೊದಲು ಒದ್ದೆ ಬಟ್ಟೆ ತೆಗೆಸಿ, ಮೈ ಒರೆಸಿ, ಬೆಚ್ಚಗೆ ಹೊದಿಸಿ. ಆಮೇಲೆ ಕಷಾಯ: ಎರಡು ಲೋಟ ನೀರಿಗೆ ಜಜ್ಜಿದ ಶುಂಠಿ ಒಂದಿಂಚು, ಹುರಿದು ಪುಡಿ ಮಾಡಿದ ಜೀರಿಗೆ ಒಂದು ಚಮಚ, ಮೆಣಸು ನಾಲ್ಕು ಕಾಳು, ಬೆಲ್ಲ ರುಚಿಗೆ. ಕುದಿಸಿ ಒಂದೂವರೆ ಲೋಟಕ್ಕೆ ಇಳಿಸಿ, ಸೋಸಿ, ಸ್ವಲ್ಪ ಹಾಲು ಬೆರೆಸಿ ಬಿಸಿಬಿಸಿ ಕೊಡಿ. ಮಗಳ ಪೆಟ್ಟಿಗೆಯಲ್ಲಿ ಈ ಪುಡಿ ಒಂದು ಡಬ್ಬಿ ಇಟ್ಟು ಕಳಿಸಿದ್ದೇನೆ.