ಆವಿಗೆಯ ಬೆಂಕಿ, ಶ್ರಾವಕನ ಲೋಟ
ಆವಿಗೆಯ ಬೆಂಕಿಯಲ್ಲಿ ಜೀವಹಿಂಸೆಯಿರುವುದರಿಂದ ಮಣ್ಣಿನ ಲೋಟವು ಶ್ರಾವಕನಿಗೆ ಸಲ್ಲದೆಂಬ ವಾದವುಂಟು. ಅಂಗಾರಕರ್ಮವು ವರ್ಜ್ಯವೆಂಬುದು ನಿಜ. ಆದರೆ ಅದು ವೃತ್ತಿಯನ್ನು ಕುರಿತ ಮಾತು. ಹುಲಿಕೆರೆಯ ಹೊಯ್ಸಳ ಪುಷ್ಕರಣಿಯನ್ನು ಕಂಡು, 1133ರಲ್ಲಿ ನಿರ್ಮಿತವಾದ ಹಳೇಬೀಡಿನ ಪಾರ್ಶ್ವನಾಥ ಬಸದಿಗೆ ಬರುವ ಯಾತ್ರಿಕನ ಕೈಯಲ್ಲಿ ಕಾಗದದ ಲೋಟವಿದ್ದರೆ ಅದರ ಒಳಮೈ ಪ್ಲಾಸ್ಟಿಕ್ ಲೇಪದ್ದು. ಉಕ್ಕಿನ ತಟ್ಟೆಯಾದರೂ ಕುಲುಮೆಯ ಕೂಸೇ. ಕಾಣದ ಕುಲುಮೆ ನಿರ್ದೋಷಿ, ಕಾಣುವ ಆವಿಗೆ ಪಾಪಿ!

ಮೆರುಗಿಲ್ಲದ ಮಣ್ಣಿನ ರಂಧ್ರಗಳಲ್ಲಿ ತೇವವುಳಿದು ಜೀವೋತ್ಪತ್ತಿಯಾಗುವುದೆಂಬ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಜಪಾನಿನ ಬಿಜೆನ್ ಕುಂಬಾರರು ಸೌದೆಯುರಿಯಲ್ಲಿ ದಿನಗಟ್ಟಲೆ ಸುಟ್ಟು, ಮೆರುಗಿಲ್ಲದೆಯೇ ಪಾತ್ರೆಯನ್ನು ಹೆಚ್ಚು ನೀರು ಹೀರದಷ್ಟು ಗಟ್ಟಿಗೊಳಿಸುತ್ತಾರೆ. ಇಲ್ಲಿನ ಮಡಕೆ ಅಷ್ಟು ಉರಿ ಕಂಡುದಲ್ಲ. ಆದುದರಿಂದ ತೊಳೆದ ಲೋಟವನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಬೇಕು, ಯತ್ನಾಚಾರವೆಂದರೆ ಇದೇ. ಅದಕ್ಕೆ ಆಳಿಲ್ಲವೆನ್ನುವ ಟ್ರಸ್ಟು ಆಳಿಲ್ಲವೆಂದೇ ಹೇಳಲಿ, ಅಹಿಂಸೆಯ ಹೆಸರೆತ್ತದಿರಲಿ.